ಮಡಿಕೆ ಮೇಷ್ಟ್ರು ಮತ್ತು ಪಟ್ಟಿಗೆ ಬಿದ್ದ ಹಡಗು

ಮಡಿಕೆ ಮೇಷ್ಟ್ರು ಯಾವ ಶಾಲೆಯಲ್ಲೂ ಪಾಠ ಹೇಳಿದವರಲ್ಲ. ಅವರು ಕಲಿತದ್ದೇ ಐದನೆಯ ತರಗತಿಯವರೆಗೆ, ಅದರಲ್ಲೂ ಕೊನೆಯ ವರ್ಷ ಕೂತದ್ದಕ್ಕಿಂತ ಬೆಂಚಿನ ಮೇಲೆ ನಿಂತದ್ದೇ ಹೆಚ್ಚು. ಆದರೂ ಬಂದರಿನಲ್ಲಿ ಹಗ್ಗ ಹೊರುವವನಿಂದ ಹಿಡಿದು ಕ್ಯಾಪ್ಟನ್ನರ ತನಕ ಎಲ್ಲರೂ ಅವರನ್ನು ಮೇಷ್ಟ್ರೇ ಎಂದೇ ಕರೆಯುತ್ತಿದ್ದರು. ಮಡಿಸುವ ವಿದ್ಯೆಯಲ್ಲಿ ಅವರಿಗೆ ಸರಿಗಟ್ಟುವವರು ಆ ದಡದಲ್ಲಿ ಇನ್ನೊಬ್ಬರಿರಲಿಲ್ಲ.

ಅವರು ಮಡಿಸುತ್ತಿದ್ದದ್ದು ಬಟ್ಟೆಯನ್ನಲ್ಲ, ತೆಪ್ಪವನ್ನು. ಹಡಗಿನ ಅಂಚಿನಲ್ಲಿ ಬಿಳಿಯ ಪೀಪಾಯಿಯಂಥದೊಂದು ಮಲಗಿರುತ್ತದೆ. ನೋಡಿದವರು ನೀರಿನ ಟ್ಯಾಂಕೋ ಏನೋ ಅಂದುಕೊಳ್ಳುತ್ತಾರೆ. ಹಡಗು ಮುಳುಗುವ ಗಳಿಗೆ ಬಂದರೆ ಅದನ್ನು ನೀರಿಗೆ ತಳ್ಳಿ ಹಗ್ಗ ಜಗ್ಗಬೇಕು. ಒಳಗಿನ ಸಿಲಿಂಡರಿನಿಂದ ಗ್ಯಾಸ್ ನುಗ್ಗಿ, ಪೀಪಾಯಿ ಬಾಯಿಬಿಟ್ಟು, ಕಿತ್ತಳೆ ಬಣ್ಣದ ಗುಡಾರವೊಂದು ನೀರಿನ ಮೇಲೆ ಎದ್ದು ನಿಲ್ಲುತ್ತದೆ. ಇಪ್ಪತ್ತೈದು ಜನ ಅದರೊಳಗೆ ಮೊಣಕಾಲು ಮಡಚಿ ಕೂತು ಜೀವ ಉಳಿಸಿಕೊಳ್ಳಬಹುದು. ಕುಡಿಯುವ ನೀರು, ಬಿಸ್ಕತ್ತು, ಗಾಯದ ಔಷಧಿ, ಆಕಾಶಕ್ಕೆ ಹಾರಿಸುವ ಬೆಳಕಿನ ಬಾಣ ಎಲ್ಲವೂ ಅದರೊಳಗೇ ಇರುತ್ತವೆ. ಹಡಗಿನವರು ಅದನ್ನು ಲೈಫ್ ರಾಫ್ಟ್ ಅನ್ನುತ್ತಾರೆ. ಮೇಷ್ಟ್ರು ದುಡಿಯುತ್ತಿದ್ದ ಶೆಡ್ಡಿನಲ್ಲಿ ಅದು ಬರೀ ತೆಪ್ಪ.

ವರ್ಷಕ್ಕೊಮ್ಮೆ ತೆಪ್ಪವನ್ನು ಹಡಗಿನಿಂದ ಇಳಿಸಿ ತಂದು, ಬಿಚ್ಚಿ, ಹೊಲಿಗೆ ಹೊಲಿಗೆ ತಡವಿ ನೋಡಿ, ಹಳೆಯ ಬಿಸ್ಕತ್ತು ತೆಗೆದು ಹೊಸದು ಹಾಕಿ, ಮತ್ತೆ ಮಡಿಸಿ ಪೀಪಾಯಿಯೊಳಗೆ ಕೂರಿಸಬೇಕು. ಒಂದು ಮಡಿಕೆ ತಪ್ಪಿತೆಂದರೆ ಗ್ಯಾಸ್ ನುಗ್ಗಿದಾಗ ತೆಪ್ಪ ತಲೆಕೆಳಗಾಗಿ ಅರಳುತ್ತದೆ, ಇಲ್ಲವೇ ಅರಳುವುದೇ ಇಲ್ಲ. ಸಾಯುವ ಹೊತ್ತಿನಲ್ಲಿ ಹಗ್ಗ ಜಗ್ಗಿದವನಿಗೆ ಅದು ಅರಳಲಿಲ್ಲ ಎಂದರೆ ಅವನು ಯಾರ ಹತ್ತಿರ ದೂರು ಕೊಡಬೇಕು?

ಛತ್ರಿ ರಿಪೇರಿ, ಗುಡಾರದ ಹೊಲಿಗೆ ಅಂತ ಬೀದಿ ಸುತ್ತುತ್ತಿದ್ದ ಮನುಷ್ಯ ಇಪ್ಪತ್ತೆರಡನೆಯ ವಯಸ್ಸಿನಲ್ಲಿ ಆ ಶೆಡ್ಡಿನ ಸೋರುವ ಟಾರ್ಪಾಲಿಗೆ ತೇಪೆ ಹಾಕಲು ಬಂದರು. ತೇಪೆ ನೋಡಿದ ಹಿರಿಯ ಯಜಮಾನರು ಮರುದಿನವೂ ಬಾ ಅಂದರು. ಆ ಮರುದಿನ ನಲವತ್ತೊಂದು ವರ್ಷ ಮುಗಿಯಲೇ ಇಲ್ಲ. ತೆಪ್ಪದ ಕಂಪನಿಯವರು ಕಳಿಸುವ ಪುಸ್ತಕ ಬೇರೆ ಭಾಷೆಯದು. ಮೇಷ್ಟ್ರಿಗೆ ಅದರ ಅಕ್ಷರ ಬಾರದು, ಚಿತ್ರ ಬರುತ್ತಿತ್ತು. ಅವರು ಯಾವತ್ತೂ ಆ ಪುಸ್ತಕವನ್ನು ಕೊನೆಯ ಪುಟದಿಂದ ತೆರೆಯುತ್ತಿದ್ದರು. ತೆಪ್ಪದಲ್ಲಿ ಮೊದಲು ಹೊರಗೆ ಬರಬೇಕಾದ್ದು ಕೊನೆಗೆ ಒಳಗೆ ಹೋಗಬೇಕು. ಹಾಗಾಗಿ ಕಡೆಯ ಚಿತ್ರ ತಿಳಿಯದೆ ಮೊದಲ ಮಡಿಕೆ ಹಾಕುವವನು ಬಾಗಿಲಿಡಲು ಮರೆತು ಮನೆ ಕಟ್ಟಿದ ಹಾಗೆ ಎಂಬುದು ಅವರ ಲೆಕ್ಕ. ಈ ಚಟ ಎಷ್ಟು ಬೆಳೆಯಿತೆಂದರೆ, ಔಷಧಿಯ ಚೀಟಿಯನ್ನೂ ಮದುವೆಯ ಕರೆಯೋಲೆಯನ್ನೂ ಅವರು ಕೆಳಗಿನಿಂದಲೇ ಓದುತ್ತಿದ್ದರು.

ಅವರ ಹೆಂಡತಿ ಬೀದಿಯ ತುದಿಯಲ್ಲಿ ಇಸ್ತ್ರಿ ಅಂಗಡಿ ಇಟ್ಟಿದ್ದರು. ಮನೆಯಲ್ಲಿ ಮಡಿಸುವ ಅಧಿಕಾರ ಯಾರದು ಎಂಬುದು ಮದುವೆಯಾದ ವಾರದಿಂದಲೂ ಇತ್ಯರ್ಥವಾಗದ ವ್ಯಾಜ್ಯ. "ಇವರು ಒಂದು ಹೊದಿಕೆ ಮಡಿಸಿಟ್ರು ಅಂದ್ರೆ ಬಿಚ್ಚೋಕೆ ಹಡಗೇ ಮುಳುಗಬೇಕು," ಎಂದು ಆಕೆ ಗಿರಾಕಿಗಳ ಮುಂದೆ ಆಡಿಕೊಳ್ಳುತ್ತಿದ್ದರು. ಮೇಷ್ಟ್ರು ಕೇಳಿಸದವರ ಹಾಗೆ ಚಪ್ಪಲಿ ಹುಡುಕುತ್ತಿದ್ದರು.

ಹೀಗಿದ್ದವರ ಕೈಯಿಂದ ಅರವತ್ತಮೂರನೆಯ ವಯಸ್ಸಿನಲ್ಲಿ ಒಂದು ತಪ್ಪಾಯಿತು. ಆ ಕಸುಬಿನವರನ್ನು ಬಿಟ್ಟು ಬೇರೆ ಯಾರೂ ಮಾಡಲಾಗದಂಥ ತಪ್ಪು.

ಒಂದು ಸೋಮವಾರ ಬೆಳಗ್ಗೆ ಹಳೆಯ ಬೂದು ಬಣ್ಣದ ಹಡಗೊಂದರಿಂದ ಎರಡು ತೆಪ್ಪ ಶೆಡ್ಡಿಗೆ ಬಂದವು. ಹಡಗು ರಸಗೊಬ್ಬರ ಇಳಿಸಲು ಬಂದದ್ದು, ಇಪ್ಪತ್ತೊಂದು ಜನರ ಹಡಗು. ಸರದಿಯಲ್ಲಿ ಅವಕ್ಕಿಂತ ಮುಂಚೆ ಬೇರೆ ಆರು ತೆಪ್ಪ ಕಾದಿದ್ದವು. ಆದರೆ ಇವೆರಡಕ್ಕೆ ಐದನೆಯ ವರ್ಷ. ಉಳಿದ ವರ್ಷಗಳಲ್ಲಿ ತೆಪ್ಪಕ್ಕೆ ಪಂಪಿನಿಂದ ಗಾಳಿ ತುಂಬಿ ನೋಡಿದರೆ ಸಾಕು. ಐದನೆಯ ವರ್ಷ ಮಾತ್ರ ನಿಜವಾಗಿ ಹಗ್ಗ ಜಗ್ಗಿ, ಅದರದೇ ಗ್ಯಾಸಿನಿಂದ ಅರಳುತ್ತದೋ ಇಲ್ಲವೋ ಎಂದು ಪರೀಕ್ಷಿಸಬೇಕು. ಮೇಷ್ಟ್ರಿಗೆ ಅದು ಹಬ್ಬದೂಟವಿದ್ದಂತೆ. ಕಳೆದ ವರ್ಷ ತಾವೇ ಹಾಕಿದ ಮಡಿಕೆ ಕಣ್ಣೆದುರು ಒಂದೊಂದಾಗಿ ಬಿಚ್ಚಿಕೊಳ್ಳುವುದನ್ನು ನೋಡುವ ಸುಖ ಇನ್ನಾವುದರಲ್ಲಿದೆ? ಸರದಿ ಪಕ್ಕಕ್ಕಿಟ್ಟು, ಚಹಾ ಕೂಡ ಕುಡಿಯದೆ, ಎರಡನ್ನೂ ಒಂದರ ಹಿಂದೊಂದು ಜಗ್ಗಿದರು. ಢಮ್ ಎಂದಿತು, ಭುಸ್ ಎಂದಿತು, ಶೆಡ್ಡಿನ ತುಂಬ ಕಿತ್ತಳೆ ಬೆಳಕು.

"ನೋಡಿದ್ರೇನ್ರೋ, ಒಂದು ಸುಕ್ಕಿಲ್ಲ!" ಎಂದು ಅವರು ಕೆಲಸಗಾರರ ಕಡೆ ತಿರುಗುವಷ್ಟರಲ್ಲಿ ಯಜಮಾನಮ್ಮ ಆಫೀಸಿನ ಬಾಗಿಲಲ್ಲಿ ನಿಂತಿದ್ದರು. ಹಿರಿಯ ಯಜಮಾನರ ಮಗಳು ಅವರು. ಚಿಕ್ಕಂದಿನಲ್ಲಿ ಇದೇ ತೆಪ್ಪಗಳೊಳಗೆ ಬಚ್ಚಿಟ್ಟುಕೊಂಡು ಆಡಿದವರು. ಕೈಯಲ್ಲಿ ಫೋನಿತ್ತು, ಮುಖದಲ್ಲಿ ರಕ್ತವಿರಲಿಲ್ಲ.

"ಮೇಷ್ಟ್ರೇ, ಬೂದು ಹಡಗಿನದು ತೆರೀಬೇಡಿ. ಹಾಗೇ ವಾಪಸ್ ಕಳಿಸಬೇಕು."

ಮೇಷ್ಟ್ರು ಅರಳಿ ನಿಂತ ಎರಡು ಗುಡಾರಗಳನ್ನು ನೋಡಿದರು. ಯಜಮಾನಮ್ಮನೂ ನೋಡಿದರು. ಆತುರಗಾರನಿಗೆ ಬುದ್ಧಿ ಮಟ್ಟ ಎಂಬ ಮಾತನ್ನು ಇಬ್ಬರೂ ಬಾಯಿಬಿಟ್ಟು ಆಡಲಿಲ್ಲ.

ಆದದ್ದಿಷ್ಟು. ಆ ಹಡಗಿನ ಒಡೆಯರಿಗೆ ಇನ್ನೂ ಏಳೆಂಟು ಹಡಗುಗಳಿದ್ದವು. ಅವುಗಳಲ್ಲೊಂದು ಯಾವುದೋ ನಿಷೇಧಕ್ಕೊಳಗಾದ ದೇಶದ ಎಣ್ಣೆಯನ್ನು ಕದ್ದುಮುಚ್ಚಿ ಹೊತ್ತಿತ್ತಂತೆ. ದೊಡ್ಡ ದೇಶಗಳು ಸೇರಿ ಆ ಒಡೆಯರ ಹಡಗುಗಳನ್ನೆಲ್ಲ ಒಟ್ಟಿಗೇ ನಿರ್ಬಂಧದ ಪಟ್ಟಿಗೆ ಸೇರಿಸಿದ್ದವು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ. ಎಣ್ಣೆ ಹೊತ್ತದ್ದು ಎಲ್ಲಿಯದೋ ಹಡಗು, ಬರೆ ಬಿದ್ದದ್ದು ಗೊಬ್ಬರ ತಂದ ಈ ಬಡ ಬೂದು ಹಡಗಿಗೆ.

ಪಟ್ಟಿಗೆ ಬಿದ್ದ ಹಡಗೆಂದರೆ ಊರಿನಿಂದ ಬಹಿಷ್ಕಾರ ಹಾಕಿಸಿಕೊಂಡ ಮನೆಯ ಹಾಗೆ. ವಿಮೆಯವರು ಅದೇ ದಿನ ಕೈಬಿಟ್ಟರು. ವಿಮೆ ಇಲ್ಲದ ಹಡಗನ್ನು ಎಳೆಯಲು ಟಗ್ಗಿನವರು ಹಿಂದೆಮುಂದೆ ನೋಡಿದರು. ಎಣ್ಣೆ ತುಂಬುವ ದೋಣಿ ಅರ್ಧ ದಾರಿಯಿಂದ ತಿರುಗಿಹೋಯಿತು. ಅದರ ಬಾವುಟದ ದೇಶ, ನಮ್ಮ ಬಾವುಟ ಇಳಿಸಿ ಎಂದು ತಿಂಗಳ ಗಡುವು ಕೊಟ್ಟಿತು. ತೆಪ್ಪದ ಕಂಪನಿಯೂ ಪರದೇಶದ್ದೇ. ಅವರು ಶೆಡ್ಡಿಗೆ ಬರೆದದ್ದು ಒಂದೇ ಸಾಲು: ಪಟ್ಟಿಯ ಹಡಗುಗಳಿಗೆ ಯಾವ ಸೇವೆಯೂ ಇಲ್ಲ, ಯಾವ ಬಿಡಿಭಾಗವೂ ಇಲ್ಲ.

ಈ ಬಿಡಿಭಾಗದಲ್ಲೇ ಕುತ್ತಿಗೆ ಸಿಕ್ಕಿಕೊಂಡದ್ದು. ಸಿಲಿಂಡರಿನ ಬಾಯಿಗೆ ಹೆಬ್ಬೆರಳ ಉಗುರಿನಷ್ಟು ಅಗಲದ ಒಂದು ಲೋಹದ ಬಿಲ್ಲೆ ಇರುತ್ತದೆ. ಗ್ಯಾಸ್ ಹೊರಟಾಗ ಅದು ಹರಿದುಹೋಗುತ್ತದೆ. ಹೊಸ ಬಿಲ್ಲೆ ಕೂರಿಸದೆ ಮತ್ತೆ ಗ್ಯಾಸ್ ತುಂಬಲಾಗದು. ಪ್ರತಿ ಬಿಲ್ಲೆಗೂ ಒಂದು ಸಂಖ್ಯೆ. ಯಾವ ಹಡಗಿಗೆ ಯಾವ ಸಂಖ್ಯೆ ಹೋಯಿತೆಂದು ಕಂಪನಿಗೆ ತಿಳಿಸಬೇಕು. ಶೆಡ್ಡಿನ ಕಪಾಟಿನಲ್ಲಿ ಹದಿನಾಲ್ಕು ಬಿಲ್ಲೆಗಳಿದ್ದವು. ಮುಟ್ಟುವಂತಿಲ್ಲ. ಮೇಷ್ಟ್ರು ಆ ಬೆಳಗ್ಗೆ ಚಹಾ ಕುಡಿದು, ಸರದಿಯ ಪ್ರಕಾರ ನಡೆದಿದ್ದರೆ, ಎರಡೂ ತೆಪ್ಪ ಮುಚ್ಚಿದ ಬಾಯಿಯಲ್ಲೇ ಹಡಗಿಗೆ ಮರಳುತ್ತಿದ್ದವು. ಹಳೆಯ ಸರ್ಟಿಫಿಕೇಟಿನ ವಾಯಿದೆ ಇನ್ನೂ ಮೂರು ವಾರ ಇತ್ತು.

ಮಧ್ಯಾಹ್ನ ಹಡಗಿನ ಡೆಕ್ಕಿನ ಮೇಸ್ತ್ರಿ ಶೆಡ್ಡಿಗೆ ಬಂದ. ಐವತ್ತರ ಆಸುಪಾಸಿನ, ಹಗ್ಗ ಎಳೆದು ಎಳೆದು ಬೆರಳು ಬಾಗಿಹೋದ ಆಸಾಮಿ. ಗಾಳಿ ಇಳಿದು ನೆಲಕ್ಕೆ ಕವುಚಿದ್ದ ತೆಪ್ಪಗಳನ್ನು ನೋಡಿ ಅವನಿಗೆ ಎಲ್ಲವೂ ಅರ್ಥವಾಯಿತು.

"ಗುರುವಾರ ಬೆಳಗ್ಗೆಯೊಳಗೆ ಹೊರಡಬೇಕಂತೆ ಮೇಷ್ಟ್ರೇ. ವಿಮೆ ಇಲ್ಲದ ಹಡಗು ಬಂದರಿನಲ್ಲಿ ಇರಕೂಡದಂತೆ. ಒಡೆಯರು ಗುಜರಿಗೆ ಮಾರಿಬಿಟ್ಟಿದ್ದಾರೆ. ಹಡಗು ಒಡೆಯೋ ಜಾಗಕ್ಕೆ ಹದಿನೆಂಟು ದಿನದ ದಾರಿ."

"ತೆಪ್ಪ ಇಲ್ಲದೆ ಹೇಗ್ರೀ ಬಿಡ್ತಾರೆ?"

"ಬಂದರಿನವರು ಕಾಗದ ಕೊಟ್ಟಿದ್ದಾರಲ್ಲ, ಒಂದು ಸಲದ ವಿನಾಯಿತಿ. ಹಡಗಿನ ಎರಡು ಕಡೆ ಜೀವ ಉಳಿಸೋ ದೋಣಿ ಇದೆ, ಸಾಕು ಅಂತ." ಮೇಸ್ತ್ರಿ ನಕ್ಕ, ನಗು ಹಲ್ಲಿನ ಆಚೆಗೆ ಬರಲಿಲ್ಲ. "ಬಲಗಡೆ ದೋಣಿ ಇಳಿಯುತ್ತೆ. ಎಡಗಡೆದರ ಕೊಕ್ಕೆ ತುಕ್ಕು ಹಿಡಿದು ಕಚ್ಚಿಕೊಂಡಿದೆ, ಸುತ್ತಿಗೆಗೂ ಜಗ್ಗಲ್ಲ. ಹಡಗು ಬಲಕ್ಕೆ ವಾಲಿದ್ರೆ ಬದುಕ್ತೀವಿ. ಎಡಕ್ಕೆ ವಾಲಿದ್ರೆ ಬಲಗಡೆ ದೋಣಿ ಆಕಾಶ ನೋಡ್ತಾ ನೇತಾಡುತ್ತೆ. ಕಾಗದದಲ್ಲಿ ದೋಣಿ ಎರಡು ಅಂತಲೇ ಇರುತ್ತೆ."

ಮೇಷ್ಟ್ರು ತಪ್ಪು ಒಪ್ಪಿಕೊಳ್ಳಲು ಬಾಯಿ ತೆರೆದರು. ಮೇಸ್ತ್ರಿಯೇ ತಡೆದ.

"ನೀವು ಜಗ್ಗಿದ್ದು ನಮಗೋಸ್ಕರ ಅಲ್ವಾ? ಮೊದಲು ನಮ್ಮದನ್ನೇ ತಗೊಂಡ್ರಿ. ಬೈಯೋಕೆ ನನಗೆ ಬಾಯಿ ಬರಲ್ಲ ಬಿಡಿ."

ಬೈದಿದ್ದರೆ ಚೆನ್ನಾಗಿತ್ತು. ಬೈಗುಳ ಹೆಗಲ ಮೇಲಿನ ಹೊರೆ, ಇಳಿಸಬಹುದು. ಇದು ಗಂಟಲಲ್ಲಿ ಸಿಕ್ಕ ಮುಳ್ಳಾಯಿತು.

ಕೆಲಸಗಾರರಲ್ಲಿ ಒಬ್ಬ ಕಿವಿಯಲ್ಲಿ ಹೇಳಿದ: "ಮೇಷ್ಟ್ರೇ, ಎರಡು ಬಿಲ್ಲೆ ಹಾಕಿಬಿಡೋಣ. ಬೇರೆ ಹಡಗಿನ ಹೆಸರಿಗೆ ಬರೆದ್ರಾಯ್ತು. ಯಾರು ನೋಡ್ತಾರೆ?"

"ಆ ಬೇರೆ ಹಡಗಿನಲ್ಲಿ ಇರೋದು ಜನಾನೋ, ಕುರೀನೋ? ನಾಳೆ ಅದರ ಸಿಲಿಂಡರ್ ಬಾಯಲ್ಲಿ ಹೊಸ ಬಿಲ್ಲೆ ಇದೆ ಅಂತ ಕಾಗದ ಹೇಳುತ್ತೆ, ಒಳಗೆ ಹಳೇದಿರುತ್ತೆ. ಸುಳ್ಳನ್ನ ಎಷ್ಟು ಚೆನ್ನಾಗಿ ಮಡಿಸಿಟ್ರೂ ಅದು ಒಂದಿನ ಬಿಚ್ಚಿಕೊಳ್ಳುತ್ತೆ ಕಣಪ್ಪಾ," ಎಂದರು ಮೇಷ್ಟ್ರು.

ಯಜಮಾನಮ್ಮನ ಹತ್ತಿರ ಹೋದರು. ಆಕೆ ಕಲ್ಲು ಮನಸ್ಸಿನವರಲ್ಲ. ಆದರೆ ಆಕೆಗೂ ಅತ್ತ ದರಿ, ಇತ್ತ ಪುಲಿ.

"ಕಂಪನಿ ಲೈಸೆನ್ಸ್ ಕಿತ್ಕೊಂಡ್ರೆ ಈ ಶೆಡ್ಡಿಗೆ ನಾಳೆಯಿಂದ ಬೀಗ. ಹನ್ನೊಂದು ಜನ ಇದ್ದೀರಿ, ಹನ್ನೊಂದು ಒಲೆ. ನಾನೇನು ಮಾಡಲಿ ಹೇಳಿ?"

"ತಪ್ಪು ನನ್ನದಮ್ಮಾ. ಒಲೆ ಆರೋದಾದ್ರೆ ನನ್ನದೊಂದು ಆರಲಿ."

"ಹಾಗೆ ಒಂದೊಂದೇ ಒಲೆ ಆರಿಸೋ ಕಾನೂನಿದ್ರೆ ಎಷ್ಟೋ ಚೆನ್ನಾಗಿತ್ತು ಮೇಷ್ಟ್ರೇ," ಎಂದರು ಆಕೆ, ಕಣ್ಣು ಒರೆಸಿಕೊಂಡು. "ಕಂಪನಿಯವರೇ ಒಪ್ಪಿ ಬರೆದು ಕೊಡಲಿ, ನಾನೇ ನಿಮ್ಮ ಜೊತೆ ಕೂತು ಮಡಿಸ್ತೀನಿ. ಬರೆದು ಕೊಡದೆ ಆಗಲ್ಲ."

ಸಂಜೆ ಮನೆಗೆ ಬಂದವರ ತಟ್ಟೆಯಲ್ಲಿ ಅನ್ನ ಹಾಗೇ ಆರುತ್ತಿತ್ತು. ಹೆಂಡತಿ ಎದುರು ಕೂತು ಎಲ್ಲವನ್ನೂ ಕೇಳಿಸಿಕೊಂಡರು.

"ರೀ, ಆ ನಿರ್ಬಂಧದ ಆರ್ಡರು ಅಂತೀರಲ್ಲ, ಅದನ್ನ ಪೂರ್ತಿ ಓದಿದವರು ಯಾರು?"

"ಯಜಮಾನಮ್ಮ ಓದಿದ್ದಾರೆ, ಬಂದರಿನವರು ಓದಿದ್ದಾರೆ. ಪಟ್ಟೀಲಿ ಹಡಗಿನ ಹೆಸರಿದೆ, ನಾನೂ ನೋಡಿದೆ."

"ಪಟ್ಟಿ ನೋಡಿದ್ರಿ. ನೀವು ಮದುವೆ ಕಾಗದಾನೇ ಕೆಳಗಿಂದ ಓದೋರು. ಇದನ್ನ ಮಾತ್ರ ಎಲ್ಲರ ಹಾಗೆ ಮೇಲಿಂದ ನೋಡಿ ಬಂದ್ರಾ?"

ಮೇಷ್ಟ್ರು ಕೈ ತೊಳೆದು ಎದ್ದರು. ಹೆಂಡತಿಯ ಕಡೆ ನೋಡಿದ ಆ ನೋಟದಲ್ಲಿ ಮೂವತ್ತೆಂಟು ವರ್ಷದ ವ್ಯಾಜ್ಯವನ್ನು ಅವರು ಅರ್ಧ ಬಿಟ್ಟುಕೊಟ್ಟಂತಿತ್ತು.

ಮಂಗಳವಾರ ಬಂದರಿನ ಕಚೇರಿ ತೆರೆಯುವ ಮುಂಚೆಯೇ ಮೇಷ್ಟ್ರು ಅದರ ಮೆಟ್ಟಿಲ ಮೇಲಿದ್ದರು. ಅಲ್ಲಿ ಮುದ್ರೆ ಇಟ್ಟುಕೊಂಡಿದ್ದ ಹಿರಿಯ ಗುಮಾಸ್ತೆಗೆ ಬಂದರಿನವರು ಸೀಲಮ್ಮ ಎಂದು ಹೆಸರಿಟ್ಟಿದ್ದರು. ಆಕೆಯ ಮೇಜಿನ ಮುಂದೆ ದೊಡ್ಡ ದೊಡ್ಡ ಏಜೆಂಟರು ಕೂಡ ಶಾಲೆಯ ಹುಡುಗರ ಹಾಗೆ ಕೈಕಟ್ಟಿ ನಿಲ್ಲುತ್ತಿದ್ದರು. ಯಾರಿಗೂ ಸುಲಭಕ್ಕೆ ಮುದ್ರೆ ಒತ್ತದ ಹೆಂಗಸು.

"ಏನು ಮೇಷ್ಟ್ರೇ, ನಿಮ್ಮ ಪೀಪಾಯಿ ಬಿಟ್ಟು ಇಲ್ಲಿ?"

"ಅಕ್ಕಾ, ಆ ಹಡಗುಗಳ ಪಟ್ಟಿ ಬಂತಲ್ಲ, ಅದರ ಕೊನೇ ಪುಟದಲ್ಲಿ ಏನಿದೆ ಓದಿ ಹೇಳ್ತೀರಾ?"

"ಕೊನೇ ಪುಟದಲ್ಲೇನಿರುತ್ತೆ? ಸಹಿ ಇರುತ್ತೆ."

"ಸಹಿಯ ಮೇಲೆ?"

ಸೀಲಮ್ಮ ಕನ್ನಡಕ ಏರಿಸಿ ಅವರನ್ನು ಒಂದು ಗಳಿಗೆ ಅಳೆದರು. ಆಮೇಲೆ ಕಪಾಟಿನಿಂದ ಕಡತ ತೆಗೆದರು. ಅರವತ್ತೆರಡು ಪುಟ. ಮೊದಲ ನಲವತ್ತು ಬರೀ ಹೆಸರುಗಳು. ಕೊನೆಯಿಂದ ಒಂದೊಂದೇ ಪುಟ ಹಿಂದೆ ತಿರುಗಿಸುತ್ತ, ಬಾಯಲ್ಲೇ ಗೊಣಗುತ್ತ ಓದಿದರು. ಚಹಾ ಬಂದು ಆರಿಹೋಯಿತು. ಐವತ್ತೆಂಟನೆಯ ಪುಟದಲ್ಲಿ ಆಕೆಯ ಬೆರಳು ನಿಂತಿತು.

"ಇಲ್ಲಿ ಕೇಳಿ. ಸಮುದ್ರದಲ್ಲಿ ಮನುಷ್ಯರ ಜೀವ ಉಳಿಸೋದಕ್ಕೆ ತೀರಾ ಅಗತ್ಯವಾದ ಕೆಲಸಕ್ಕೂ ಸಾಮಾನಿಗೂ ಈ ನಿರ್ಬಂಧ ತಟ್ಟೋದಿಲ್ಲ. ಬಂದರಿನ ಅಧಿಕಾರಿ ಅಗತ್ಯ ಇದೆ ಅಂತ ಬರೆದು ಕೊಡಬೇಕು. ಪಟ್ಟಿಯಲ್ಲಿರೋ ಒಡೆಯರಿಂದ ದುಡ್ಡು ಮುಟ್ಟಬಾರದು."

"ಅಕ್ಕಾ, ಇನ್ನೊಂದು ಸಲ ಓದ್ತೀರಾ?"

ಆಕೆ ಓದಿದರು. ಮೇಷ್ಟ್ರು ಮೇಜಿನ ಅಂಚು ಹಿಡಿದುಕೊಂಡರು. ಆ ಆರ್ಡರನ್ನು ಬರೆದವರು ಯಾವ ದೇಶದವರೋ, ಯಾವ ಕೋಣೆಯಲ್ಲಿ ಕೂತು ಬರೆದರೋ. ಸಾವಿರ ಹೆಸರಿಗೆ ಬಾಗಿಲು ಹಾಕುವ ಹೊತ್ತಿನಲ್ಲೂ ಒಬ್ಬ ಪುಣ್ಯಾತ್ಮನಿಗೆ ಹಡಗಿನಲ್ಲಿ ಜನರಿರುತ್ತಾರೆ ಎಂಬುದು ನೆನಪಾಗಿ ಈ ಕಿಟಕಿ ಬಿಟ್ಟಿದ್ದನಲ್ಲ! ಕಂಡರಿಯದ ಆ ಮನುಷ್ಯನಿಗೆ ಅವರು ಅಲ್ಲೇ ಮನಸ್ಸಿನಲ್ಲಿ ಕೈಮುಗಿದರು.

ಬಂದರು ಅಧಿಕಾರಿ ಅಷ್ಟು ಸುಲಭದವರಲ್ಲ. "ನಾನು ವಿನಾಯಿತಿ ಕೊಟ್ಟಾಗಿದೆ. ತೆಪ್ಪ ಇಲ್ಲದೇನೂ ಹೋಗಬಹುದು ಅಂದಮೇಲೆ ತೆಪ್ಪ ತೀರಾ ಅಗತ್ಯ ಅಂತ ನಾನೇ ಹೇಗೆ ಬರೀಲಿ? ನಾಳೆ ಮೇಲಿನವರು ಕೇಳಿದ್ರೆ?"

ಎಡಗಡೆ ದೋಣಿಯ ಕೊಕ್ಕೆ ಕಚ್ಚಿಕೊಂಡ ಸಂಗತಿಯನ್ನು ಮೇಷ್ಟ್ರು ಸೀಲಮ್ಮನಿಗೆ ಮೊದಲೇ ಹೇಳಿದ್ದರು. ಸೀಲಮ್ಮ ಬಾಗಿಲಲ್ಲೇ ನಿಂತು ಕೇಳುತ್ತಿದ್ದರು.

"ಸಾರ್, ಆ ವಿನಾಯಿತಿ ದೋಣಿ ಎರಡೂ ಸರಿಯಿವೆ ಅನ್ನೋದರ ಮೇಲೆ ಕೊಟ್ಟದ್ದು. ಎಡಗಡೆ ದೋಣಿಯನ್ನ ಇಳಿಸಿ ನೋಡಿದವರು ಯಾರು ಅಂತ ಕಡತದಲ್ಲಿ ಹುಡುಕಿದೆ. ಸಹಿ ಸಿಗಲಿಲ್ಲ."

ಅಧಿಕಾರಿ ಟೋಪಿ ತೆಗೆದು ತಲೆ ಕೆರೆದುಕೊಂಡರು. ಆಮೇಲೆ ತಾವೇ ಹಡಗಿಗೆ ಹೋದರು. ಆ ಮೆಚ್ಚುಗೆಯನ್ನು ಮಾತ್ರ ಅವರಿಗೆ ಸಲ್ಲಿಸಲೇಬೇಕು. ತುಕ್ಕಿನ ಕೊಕ್ಕೆಗೆ ತಾವೇ ಸುತ್ತಿಗೆ ಹೊಡೆದು ನೋಡಿದರು. ಕೈ ಕಪ್ಪು ಮಾಡಿಕೊಂಡು ಮರಳಿದವರು, ಕೂತು ಅರ್ಧ ಪುಟ ಬರೆದರು.

"ಎಡಗಡೆ ದೋಣಿ ನಂಬಿಕೆಗೆ ಅರ್ಹವಲ್ಲ. ತೆಪ್ಪ ಬೇಕೇ ಬೇಕು. ತಗೊಳ್ಳಿ ಮೇಷ್ಟ್ರೇ. ಆದರೆ ಗುರುವಾರದ ಗಡುವು ನನ್ನ ಕೈಲಿಲ್ಲ."

ಸೀಲಮ್ಮ ಮುದ್ರೆ ಒತ್ತಿದರು. ಒಮ್ಮೆಗೆ ಸಾಲದೆಂಬಂತೆ ಹೆಬ್ಬೆರಳಿನಿಂದ ಅದುಮಿ ಒತ್ತಿದರು.

ಯಜಮಾನಮ್ಮ ಆ ಕಾಗದವನ್ನೂ ಐವತ್ತೆಂಟನೆಯ ಪುಟವನ್ನೂ ಫೋಟೋ ತೆಗೆದು ಕಂಪನಿಗೆ ಕಳಿಸಿದರು. ಇಲ್ಲಿನ ಸಂಜೆ ಅಲ್ಲಿನ ಬೆಳಗ್ಗೆ. ಉತ್ತರ ಬರುವ ತನಕ ಸುಮ್ಮನಿರಲು ಮೇಷ್ಟ್ರ ಕೈ ಕೇಳಲಿಲ್ಲ. ಬಿಲ್ಲೆ ಮುಟ್ಟುವಂತಿಲ್ಲ ನಿಜ. ಆದರೆ ಹೊಲಿಗೆ ಒರೆಸುವುದಕ್ಕೆ, ಒಣಗಿಸುವುದಕ್ಕೆ ಯಾರ ಅಪ್ಪಣೆ ಬೇಕು? ಬುಧವಾರ ಬೆಳಗ್ಗೆ ಏಳಕ್ಕೆ ಯಜಮಾನಮ್ಮ ಫೋನ್ ಹಿಡಿದು ಓಡುತ್ತ ಬಂದರು, ಚಿಕ್ಕಂದಿನಲ್ಲಿ ಓಡುತ್ತಿದ್ದ ಹಾಗೆಯೇ.

"ಒಪ್ಪಿದ್ದಾರೆ! ಬಿಲ್ಲೆಗೆ ದುಡ್ಡು ಬೇಡ ಅಂದಿದ್ದಾರೆ, ಯಾವ ಸಂಖ್ಯೆ ಹಾಕಿದ್ವಿ ಅಂತ ಬರೆದು ಕಳಿಸಿದ್ರೆ ಸಾಕಂತೆ. ಬರೆದವಳು ಯಾರೋ ಹೆಂಗಸು, ಕೆಳಗೆ ಇನ್ನೊಂದು ಸಾಲು ಸೇರಿಸಿದ್ದಾಳೆ, ನನ್ನ ತಮ್ಮನೂ ಹಡಗಿನಲ್ಲೇ ಇದ್ದಾನೆ ಅಂತ."

ಎರಡು ತೆಪ್ಪಕ್ಕೆ ನಾಲ್ಕು ದಿನ ಬೇಕು. ಇದ್ದದ್ದು ಒಂದು ಹಗಲು. ಸಿಲಿಂಡರಿಗೆ ಗ್ಯಾಸ್ ತುಂಬಿ ತೂಗಿದರು. ಬಿಸ್ಕತ್ತು, ನೀರಿನ ಪೊಟ್ಟಣ, ಬಾಣ ಎಲ್ಲವನ್ನೂ ಒಬ್ಬ ಎಣಿಸಿದ್ದನ್ನು ಇನ್ನೊಬ್ಬ ಮತ್ತೆ ಎಣಿಸಿದ. ಯಜಮಾನಮ್ಮ ಮಾತು ಉಳಿಸಿಕೊಂಡರು. ಸೀರೆಯ ಸೆರಗು ಸಿಕ್ಕಿಸಿ, ಚಪ್ಪಲಿ ಬಿಟ್ಟು, ನೆಲಕ್ಕೆ ಮೊಣಕಾಲೂರಿ ಮಡಿಕೆಗೆ ಕೈ ಕೊಟ್ಟರು. ಮೇಷ್ಟ್ರ ಹೆಂಡತಿ ಇಸ್ತ್ರಿ ಅಂಗಡಿಗೆ ಬಾಗಿಲು ಹಾಕಿ ಹನ್ನೊಂದು ಜನರ ಊಟ ಹೊತ್ತು ತಂದವರು, ಪಾತ್ರೆ ಇಳಿಸಿ ತಾವೂ ಒಂದು ಅಂಚು ಹಿಡಿದರು.

"ಎಳೀರಿ, ಎಳೀರಿ. ಅಷ್ಟಲ್ಲ ಕಣೇ, ಅದೇನು ಪ್ಯಾಂಟಿನ ಗೆರೇನಾ?"

"ನನ್ನ ಗೆರೆ ನೆಟ್ಟಗಿರುತ್ತೆ. ನಿಮ್ಮ ಮೂಲೆ ನೋಡ್ಕೊಳ್ಳಿ, ನಾಯಿ ಕಿವಿ ಹಾಗೆ ಬಾಗಿದೆ."

ನೋಡಿದರೆ ಬಾಗಿತ್ತು. ಮೇಷ್ಟ್ರು ಬಿಚ್ಚಿ ಮತ್ತೆ ಹಾಕಿದರು. ಶೆಡ್ಡಿನಲ್ಲಿ ನಗು ತಡೆಯಲು ಎಲ್ಲರೂ ಕೆಮ್ಮಿದರು.

ಮೊದಲ ತೆಪ್ಪ ಮೂರು ಗಂಟೆಗೆ ಪೀಪಾಯಿ ಸೇರಿತು. ಎರಡನೆಯದು ಮೊಂಡು ಹಿಡಿಯಿತು. ಐದೂವರೆಗೆ ಮೇಲಿನ ಮುಚ್ಚಳ ಇಟ್ಟು ಬೆಲ್ಟು ಬಿಗಿದರೆ, ಎರಡು ಚಿಪ್ಪುಗಳ ನಡುವೆ ಬೆರಳು ತೂರುವಷ್ಟು ಸಂದು ಉಳಿಯಿತು. ನಾಲ್ಕು ಜನ ಮೇಲೆ ಹತ್ತಿ ಕೂತರೂ ಮುಚ್ಚಲಿಲ್ಲ.

"ಇನ್ನೊಂದು ಸುತ್ತು ಬಿಗಿದ್ರೆ ಮುಚ್ಚುತ್ತೆ ಮೇಷ್ಟ್ರೇ," ಎಂದ ಒಬ್ಬ.

ಮೇಷ್ಟ್ರು ಪೀಪಾಯಿಗೆ ಕೆನ್ನೆ ಆನಿಸಿ ಸಂದಿನೊಳಗೆ ನೋಡಿದರು. ಬೆನ್ನು ಸೀಳಿಹೋಗುವಷ್ಟು ನೋಯುತ್ತಿತ್ತು. ಬಿಗಿದರೆ ಮುಚ್ಚುತ್ತದೆ, ಅವರಿಗೂ ಗೊತ್ತು. ಮುಚ್ಚಿದ್ದು ತೆರೆಯುತ್ತದೋ ಎಂಬುದು ಯಾರಿಗೂ ಗೊತ್ತಿಲ್ಲ.

"ಬಿಚ್ಚಿ," ಎಂದರು.

ಯಾರೂ ಗೊಣಗಲಿಲ್ಲ. ಬಿಚ್ಚಿದರು. ಹದಿಮೂರನೆಯ ಮಡಿಕೆಯ ಕೆಳಗೆ ನೀರಿನ ಪೊಟ್ಟಣಗಳ ಚೀಲವೊಂದು ಅಡ್ಡ ಬಿದ್ದಿತ್ತು. ಅದನ್ನು ಉದ್ದಕ್ಕೆ ತಿರುಗಿಸಿ ಮೊದಲಿನಿಂದ ಮಡಿಸುವಷ್ಟರಲ್ಲಿ ದೀಪ ಹಾಕುವ ಹೊತ್ತಾಯಿತು. ಈ ಸಲ ಮುಚ್ಚಳ ಒಬ್ಬರೇ ಒತ್ತಿದರೂ ತಾಯಿಯ ಮಡಿಲಿಗೆ ಮಗು ಒರಗಿದ ಹಾಗೆ ಮೆತ್ತಗೆ ಕೂತಿತು.

ಗುರುವಾರ ಬೆಳಗ್ಗೆ ತೆಪ್ಪಗಳನ್ನು ಹಡಗಿಗೆ ಸಾಗಿಸಿದ ಲಾಂಚಿನವನು ಬಾಡಿಗೆ ಮುಟ್ಟಲಿಲ್ಲ. ಪಟ್ಟಿಯ ಹಡಗಿನಿಂದ ಮುಟ್ಟುವಂತಿಲ್ಲ, ಮೇಷ್ಟ್ರಿಂದ ಮುಟ್ಟುವ ಮನಸ್ಸಿಲ್ಲ ಎಂದ. ಡೆಕ್ಕಿನ ಮೇಸ್ತ್ರಿ ಕ್ರೇನಿನಿಂದ ತೆಪ್ಪಗಳನ್ನು ಎತ್ತಿಸಿ, ಎರಡು ಬದಿಯಲ್ಲಿ ಕೂರಿಸಿ, ಕೆಳಗೆ ಲಾಂಚಿನಲ್ಲಿ ನಿಂತಿದ್ದ ಮೇಷ್ಟ್ರ ಕಡೆಗೆ ಬಗ್ಗಿ ಏನೋ ಕೂಗಿದ. ಎಂಜಿನ್ನಿನ ಸದ್ದಿನಲ್ಲಿ ಕೇಳಿಸಲಿಲ್ಲ. ಬೂದು ಹಡಗು ತೀರಾ ನಿಧಾನವಾಗಿ, ಮನಸ್ಸಿಲ್ಲದ ಮುದುಕನ ಹಾಗೆ, ಬಂದರಿನ ಬಾಯಿ ದಾಟಿತು.

ಆಮೇಲೆ ಸುದ್ದಿಯಿಲ್ಲ. ಪಟ್ಟಿಯ ಹಡಗು ಎಲ್ಲಿದೆ ಎಂದು ಯಾರೂ ಬಾಯಿಬಿಟ್ಟು ಕೇಳುವುದಿಲ್ಲ, ಕೇಳಿದರೆ ಯಾರೂ ಹೇಳುವುದಿಲ್ಲ. ಮೇಷ್ಟ್ರು ಹದಿನೆಂಟು ದಿನ ಎಣಿಸಿದರು. ಇಪ್ಪತ್ತಾಯಿತು. ತಿಂಗಳು ತುಂಬಿತು. ಪಟ್ಟಿಗೆ ಮತ್ತೂ ಹೆಸರುಗಳು ಸೇರಿದವು. ಬಂದರಿಗೆ ಬರುತ್ತಿದ್ದ ನಾಲ್ಕೈದು ಹಡಗುಗಳು ದಾರಿ ಬದಲಿಸಿದವು. ಶೆಡ್ಡಿನಲ್ಲಿ ಕೆಲಸ ಕಡಿಮೆಯಾಗಿ ವಾರಕ್ಕೊಂದು ದಿನ ಹೆಚ್ಚಿಗೆ ರಜೆ ಕೊಡಬೇಕಾಯಿತು. ಒಂದು ಭಾನುವಾರ, ಮೇಷ್ಟ್ರು ಇಸ್ತ್ರಿ ಅಂಗಡಿಯಲ್ಲಿ ಇದ್ದಿಲು ಊದುತ್ತ ಕೂತಿದ್ದಾಗ ಫೋನ್ ಬಂತು.

"ಮೇಷ್ಟ್ರೇ, ನಾನು. ಬೂದು ಹಡಗಿನ ಮೇಸ್ತ್ರಿ. ಮನೆಯಿಂದ ಮಾತಾಡ್ತಿದ್ದೀನಿ."

ಮೇಷ್ಟ್ರು ಎದ್ದು ನಿಂತರು. "ಎಲ್ಲರೂ?"

"ಇಪ್ಪತ್ತೊಂದು ಜನಾನೂ. ಸಂಬಳ ಇನ್ನೂ ಬಂದಿಲ್ಲ, ಮನುಷ್ಯರು ಬಂದಿದ್ದೀವಿ."

"ತೆಪ್ಪ?"

"ಬಿಚ್ಚಲಿಲ್ಲ ಮೇಷ್ಟ್ರೇ. ಆದರೆ ಏಳನೇ ದಿನ ಎಂಜಿನ್ ಕೆಟ್ಟು ಹನ್ನೊಂದು ಗಂಟೆ ಅಲೆಗೆ ಅಡ್ಡ ಬಿದ್ದಿದ್ವಿ. ಎಡಕ್ಕೇ ವಾಲಿತ್ತು, ನಮ್ಮ ಹಣೆಬರಹ ನೋಡಿ! ಎಲ್ಲರೂ ಜಾಕೆಟ್ ಕಟ್ಟಿಕೊಂಡು ನಿಮ್ಮ ಪೀಪಾಯಿ ಪಕ್ಕ ಕೂತ್ವಿ. ಹೊಸಬರಿಬ್ಬರು ಅಳ್ತಿದ್ರು. ನಾನು ಹೇಳ್ದೆ, ಇದನ್ನ ಮಡಿಸೋದನ್ನ ನಾನು ಕಣ್ಣಾರೆ ನೋಡಿದ್ದೀನಿ, ಜಗ್ಗಿದ್ರೆ ಅರಳುತ್ತೆ ಅಂತ. ನಾನು ನೋಡಿರಲಿಲ್ಲ, ಸುಳ್ಳು ಹೇಳ್ದೆ. ಅಡುಗೆಯವನಂತೂ ಅದಕ್ಕೆ ಬೆನ್ನು ಕೊಟ್ಟು ಗೊರಕೆ ಹೊಡೆದ. ಅವನ ಗೊರಕೆ ಕೇಳಿ ಅಳ್ತಿದ್ದವರು ನಕ್ಕರು. ಆಮೇಲೆ ಎಂಜಿನ್ ಎದ್ದಿತು. ನಿಮಗೆ ಥ್ಯಾಂಕ್ಸ್ ಹೇಳೋಣ ಅಂತ ಅವತ್ತು ಲಾಂಚಿನ ಹತ್ತಿರ ಕೂಗಿದೆ, ಕೇಳಿಸ್ತಾ?"

"ಇಲ್ಲಪ್ಪಾ. ಈಗ ಕೇಳಿಸ್ತು."

ನಲವತ್ತೊಂದು ವರ್ಷದಲ್ಲಿ ಅವರಿಗೆ ಯಾರೂ ಆ ಮಾತು ಹೇಳಿರಲಿಲ್ಲ. ಹೇಳಬೇಕೆಂದು ಅವರೂ ಎಣಿಸಿದವರಲ್ಲ. ಬಳಸದ ತೆಪ್ಪವನ್ನು ಯಾರೂ ನೆನೆಯುವುದಿಲ್ಲ. ಬಳಸಿದವರಿಗೆ ಅದನ್ನು ಮಡಿಸಿದವನ ವಿಳಾಸ ಗೊತ್ತಿರುವುದಿಲ್ಲ. ಫೋನ್ ಇಟ್ಟ ಮೇಲೆ ಮೇಷ್ಟ್ರಿಗೆ ಆ ಮಾತನ್ನು ಒಬ್ಬರೇ ಇಟ್ಟುಕೊಳ್ಳಲು ಕೈ ಸಾಲಲಿಲ್ಲ. ಹೆಂಡತಿಗೆ ಹೇಳಿದರು. ಆಕೆ ಇಸ್ತ್ರಿ ಪೆಟ್ಟಿಗೆ ಎತ್ತಿಟ್ಟು, "ನನ್ನ ಗೆರೆ ಇತ್ತಲ್ಲ ಅದರಲ್ಲಿ, ಮುಳುಗುತ್ತಾ?" ಎಂದು ಮುಖ ಆ ಕಡೆ ತಿರುಗಿಸಿಕೊಂಡರು. ಯಜಮಾನಮ್ಮನಿಗೆ ಫೋನ್ ಮಾಡಿ ಹೇಳಿದರು. ಪರದೇಶದ ಆ ಹೆಂಗಸಿಗೂ ಬರೆದುಬಿಡಮ್ಮಾ ಎಂದರು. ಸೋಮವಾರ ಲಾಂಚಿನವನನ್ನು ದಡದಲ್ಲೇ ಹಿಡಿದು ಹೇಳಿದರು. ಅಲ್ಲಿಂದ ನೇರ ಬಂದರಿನ ಕಚೇರಿಯ ಮೆಟ್ಟಿಲು ಹತ್ತಿದರು.

ಸೀಲಮ್ಮ ಪೂರ್ತಿ ಕೇಳಿದರು, ಅಡುಗೆಯವನ ಗೊರಕೆಯ ತನಕ. ಕನ್ನಡಕ ತೆಗೆದು ಸೆರಗಿನಲ್ಲಿ ಬಹಳ ಹೊತ್ತು ಒರೆಸಿದರು.

"ಮೇಷ್ಟ್ರೇ, ಇಪ್ಪತ್ತಾರು ವರ್ಷ ಮುದ್ರೆ ಒತ್ತಿದ್ದೀನಿ. ಒತ್ತಿದ ಕಾಗದ ಮುಂದೆ ಎಲ್ಲಿ ಹೋಯ್ತು, ಏನಾಯ್ತು ಅಂತ ವಾಪಸ್ ಬಂದು ಹೇಳಿದವರು ನೀವೊಬ್ಬರೇ. ಕೂತ್ಕೊಳ್ಳಿ. ಇವತ್ತು ಚಹಾ ಆರೋಕೆ ಬಿಡೋದು ಬೇಡ."